ಹುಣಸೆ ಬೀಜ, ಹಗೇವು, ಒಂದು ಕೆರೆ: ಪಾತ್ರದ ಆಟದಿಂದ ಮಕ್ಕಳಿಗೆ ಇತಿಹಾಸ ಕಲಿಸುವ ಬಗೆ

ಐದಾರು ಮಕ್ಕಳು ಮೇಜಿನ ಸುತ್ತಲೋ ಚಾಪೆಯ ಮೇಲೋ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಸೂತ್ರಧಾರನೊಬ್ಬ ಸನ್ನಿವೇಶವನ್ನು ಹೇಳಿದಾಗ ಅವರು "ನಾನು ಹೀಗೆ ಮಾಡುತ್ತೇನೆ" ಎಂದು ಬಾಯಿಮಾತಿನಲ್ಲೇ ಕಥೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಗೆಲ್ಲುವುದೋ ಸೋಲುವುದೋ ಎಂಬ ಅನುಮಾನ ಬಂದ ಕಡೆ ದಾಳ ಉರುಳಿಸುತ್ತಾರೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯುವ ಆಟ ಇಷ್ಟೇ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟವನ್ನು ಜನಪ್ರಿಯಗೊಳಿಸಿತು. 1990ರ ದಶಕದಲ್ಲಿ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಪ್ರಾಧ್ಯಾಪಕ ಮಾರ್ಕ್ ಕಾರ್ನ್ಸ್ ತಮ್ಮ ಇತಿಹಾಸದ ತರಗತಿಯನ್ನೇ ಇಂಥ ಪಾತ್ರಾಭಿನಯದ ಆಟವನ್ನಾಗಿ ಮಾರ್ಪಡಿಸಿದರು. ಮೂಡಲಪಾಯ ಬಯಲಾಟ ಕಂಡ ತುಮಕೂರು ಸೀಮೆಯವರಿಗೆ ಇದು ತೀರಾ ಹೊಸದೆನಿಸಲಾರದು. ಭಾಗವತ ಕಥೆಯ ಎಳೆ ಹಿಡಿದಿರುತ್ತಾನೆ, ವೇಷಧಾರಿಗಳು ಮಾತು ಕಟ್ಟುತ್ತಾರೆ. ಒಂದು ವ್ಯತ್ಯಾಸವಿದೆ. ಬಯಲಾಟದಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ಇಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಶನಿವಾರದ ಮಧ್ಯಾಹ್ನಗಳಲ್ಲಿ ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇಂಥ ಆಟಗಳನ್ನು ಆಡಿಸುತ್ತಾ ಬಂದಿದ್ದೇನೆ. ಶಾಲೆಯಲ್ಲಿಯೋ ಮನೆಯಲ್ಲಿಯೋ ಆಡಿಸಬಯಸುವ ಶಿಕ್ಷಕರಿಗೂ ಪೋಷಕರಿಗೂ ಆ ಅನುಭವ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ರಾಜನನ್ನು ಕೈಬಿಡಿ

ನನ್ನ ಮೊದಲ ಆಟ ಪೂರ್ತಿ ಕೆಟ್ಟಿತು, ಅದಕ್ಕೆ ನಾನೇ ಹೊಣೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿದ ಪ್ರಸಂಗವನ್ನು ಆಯ್ದುಕೊಂಡು, ಆರು ಮಕ್ಕಳಲ್ಲಿ ಮೂವರನ್ನು ಕೋಟೆಯ ಸೇನಾನಿಗಳನ್ನಾಗಿಯೂ ಮೂವರನ್ನು ಇಂಗ್ಲಿಷ್ ಅಧಿಕಾರಿಗಳನ್ನಾಗಿಯೂ ಮಾಡಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸ್ಕೇಲುಗಳು ಕತ್ತಿಗಳಾದವು. ಯಾರು ಯಾರನ್ನು ಎಷ್ಟು ಸಲ ಕೊಂದರೆಂಬ ಜಗಳದಲ್ಲಿಯೇ ಮಧ್ಯಾಹ್ನ ಮುಗಿಯಿತು. ಅಷ್ಟು ಕಡಿದಾದ ಬೆಟ್ಟದ ಮೇಲಕ್ಕೆ ಫಿರಂಗಿಗಳನ್ನು ಎಳೆದವರು ಯಾರು, ಎಳೆಯುವ ಎತ್ತುಗಳಿಗೆ ಹುಲ್ಲು ಎಲ್ಲಿಂದ ಬಂತು, ತಪ್ಪಲಿನ ಹಳ್ಳಿಯವರು ಆ ವಾರಗಳಲ್ಲಿ ಎಲ್ಲಿಗೆ ಹೋದರು ಎಂದು ಒಂದು ಮಗುವೂ ಕೇಳಲಿಲ್ಲ. ಕೇಳುವಂಥ ಪಾತ್ರವನ್ನೇ ನಾನು ಯಾರಿಗೂ ಕೊಟ್ಟಿರಲಿಲ್ಲ.

ಆದ್ದರಿಂದ ಮೊದಲು ಪಾಲಿಸಬೇಕಾದ ನಿಯಮವೆಂದರೆ, ಪಾತ್ರಗಳು ಸಾಮಾನ್ಯ ಜನರದ್ದಾಗಿರಬೇಕು ಮತ್ತು ಅವರ ಕೈಯಲ್ಲಿರುವ ಅಧಿಕಾರ ಚಿಕ್ಕದಾಗಿರಬೇಕು. ರಾಜನ ಪಾತ್ರ ವಹಿಸಿದ ಮಗುವಿಗೆ ಎಲ್ಲವೂ ಸಾಧ್ಯವೆಂದು ತೋರುತ್ತದೆ. ಎರಡು ಎತ್ತು, ಅರ್ಧ ಹಗೇವು (ನೆಲದಡಿಯ ಕಣಜ) ರಾಗಿ ಇರುವ ರೈತನ ಪಾತ್ರ ವಹಿಸಿದ ಮಗುವಿಗಾದರೋ ಮಾಡಲಾಗದ್ದು ಏನೆಂಬುದು ಮೊದಲು ಕಾಣುತ್ತದೆ. ಆ ಇಕ್ಕಟ್ಟಿನಲ್ಲಿ ಕುಳಿತ ಮಗುವೇ ಇತಿಹಾಸದ ಬಗ್ಗೆ ಪ್ರಶ್ನೆ ಕೇಳಲು ಶುರುಮಾಡುತ್ತದೆ.

ಪ್ರಸಂಗದ ಆಯ್ಕೆ

ಮಕ್ಕಳು ನಡೆದು ಹೋಗಿ ಮುಟ್ಟಿ ಬರಬಹುದಾದ ಜಾಗದ ಪ್ರಸಂಗವನ್ನೇ ಆರಿಸಿಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಗಳಲ್ಲಿ ಅದಕ್ಕೆ ಬರವಿಲ್ಲ. ಬಿಜಾಪುರದವರ ಕೈಯಲ್ಲಿದ್ದ ಶಿರಾ 1687ರಲ್ಲಿ ಮೊಗಲರ ಸುಬಾದ (ಪ್ರಾಂತ್ಯದ) ಕೇಂದ್ರವಾದಾಗ ಊರಿನ ಲೆಕ್ಕ ಬರೆಯುವವನಿಗೆ ಬದಲಾದದ್ದೇನು, ಬದಲಾಗದೆ ಉಳಿದದ್ದೇನು ಎಂಬುದು ಒಂದು ಒಳ್ಳೆಯ ಆಟ. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಕೆಜಿಎಫ್‌ನ ಗಣಿ ಕಾರ್ಮಿಕರು ಹೂಡಿದ ಮುಷ್ಕರ ಇನ್ನೊಂದು. ಗಣಿಗೆ ಇಳಿಯುವವನ ಮನೆಯಲ್ಲಿ ಮುಷ್ಕರದ ದಿನಗಳ ಅಡುಗೆ ಹೇಗೆ ನಡೆಯಿತೆಂಬಲ್ಲಿಂದಲೇ ಅದನ್ನು ಆರಂಭಿಸಬಹುದು.

ಮಾಹಿತಿ ಹುಡುಕುವಾಗ ಒಂದು ಎಚ್ಚರ ಬೇಕು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಗೆಜೆಟಿಯರು, ಶಾಸನ ಸಂಪುಟಗಳಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿಯ ಸಂಗತಿಗಳೆಲ್ಲ ಕೋಲಾರದ ಹೆಸರಿನಡಿಯಲ್ಲಿಯೇ ಇವೆ. ಲೂಯಿಸ್ ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದ್ದು, ಹನ್ನೆರಡನೆಯದು ತುಮಕೂರಿನದು. ಅವುಗಳಲ್ಲಿ ನಿಮ್ಮ ಊರಿನ ಹೆಸರು ಸಿಕ್ಕರೆ ಆ ಪುಟವನ್ನು ನಕಲು ಮಾಡಿಸಿ ಆಟದ ಚಾಪೆಯ ಮೇಲೆ ಇಡಿ. ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ.

ನಾನು ಹೆಚ್ಚು ಸಲ ಆಡಿಸಿರುವುದು 1876-78ರ ಬರವನ್ನು. ಹಿರಿಯರ ಬಾಯಲ್ಲಿ ಅದು ಧಾತು-ಈಶ್ವರ ಸಂವತ್ಸರಗಳ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಈ ಎರಡು ಸಂಖ್ಯೆಗಳನ್ನು ಆಟಕ್ಕೆ ಮೊದಲು ಮಕ್ಕಳಿಗೆ ಹೇಳಬಾರದು. ಅವು ಕೊನೆಗೆ ಬೇಕಾಗುತ್ತವೆ.

ಪಾತ್ರದ ಚೀಟಿ

ಒಂದು ಪೋಸ್ಟ್‌ಕಾರ್ಡಿನಷ್ಟು ದಪ್ಪ ಕಾಗದ ಸಾಕು. ಅದರ ಮೇಲೆ ಪಾತ್ರದ ಕಸುಬು, ಮನೆಯಲ್ಲಿ ಇರುವುದು, ಬೇಕಾಗಿರುವುದು, ಹೆದರಿಕೆ ಎಂಬ ನಾಲ್ಕೇ ಸಾಲು ಬರೆಯಿರಿ. ಹೆಸರನ್ನು ಮಗುವೇ ಇಟ್ಟುಕೊಳ್ಳಲಿ. ಬರದ ಆಟಕ್ಕೆ ನಾನು ಬಳಸುವ ಪಾತ್ರಗಳು ಐದು. ಕೆರೆಯ ತೂಬನ್ನು ಎತ್ತಿ ಇಳಿಸುವ ಅಧಿಕಾರವುಳ್ಳ, ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದ ತನ್ನ ಕೆಲಸಕ್ಕೆ ಪ್ರತಿಫಲವಾಗಿ ಆಯದ ಕಾಳು ಪಡೆಯುವ ನೀರುಗಂಟಿ ಒಬ್ಬ. ಕೆರೆಯ ಕೆಳಗೆ ತುಂಡು ಗದ್ದೆ, ಮೇಲೆ ರಾಗಿ ಹೊಲ, ಎರಡು ಎತ್ತು ಇರುವ ರೈತ ಇನ್ನೊಬ್ಬ. ಕಂದಾಯದ ಲೆಕ್ಕ ಬರೆಯುವ ಶಾನುಭೋಗ, ಭೂಮಿಯೇ ಇಲ್ಲದ ಕೂಲಿಯ ತಾಯಿ, ಮತ್ತು ಬೌರಿಂಗ್‌ಪೇಟೆಯ ರೈಲು ನಿಲ್ದಾಣಕ್ಕೆ ಬಂಡಿ ಹೊಡೆಯುವವನು. ಇಂದಿನ ಬಂಗಾರಪೇಟೆಯೇ ಆಗಿನ ಬೌರಿಂಗ್‌ಪೇಟೆ. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಬರಗಾಲದಲ್ಲಿ ಮದರಾಸಿನ ಕಡೆಯ ಧಾನ್ಯ ಆ ಹಳಿಯ ಮೇಲೆಯೇ ಬಂತು. ಹಳಿಯಿಂದ ಹಳ್ಳಿಯ ತನಕದ ದಾರಿಯಾದರೋ ಎತ್ತಿನ ಬಂಡಿಯದ್ದು, ಬಂಡಿಯೆಳೆಯುವ ಎತ್ತಿಗೂ ಮೇವಿಲ್ಲ. ಈ ಒಂದು ತೊಡಕಿನ ಮೇಲೆ ಇಡೀ ಮಧ್ಯಾಹ್ನ ಆಟ ನಡೆದಿರುವುದುಂಟು.

ಪಾತ್ರ ಹಂಚುವಾಗ ಅತ್ಯಂತ ಎಚ್ಚರದಿಂದಿರಬೇಕಾದ ವಿಷಯವೊಂದಿದೆ. ಹಳ್ಳಿಯಲ್ಲಿ ಕಸುಬಿಗೂ ಜಾತಿಗೂ ಇದ್ದ ನಂಟು ಮಕ್ಕಳಿಗೆ ಗೊತ್ತಿಲ್ಲವೆಂದು ಭಾವಿಸಬೇಡಿ, ಚೆನ್ನಾಗಿಯೇ ಗೊತ್ತಿರುತ್ತದೆ. ಯಾವ ಮಗುವಿಗೂ ಅದರ ಮನೆತನದ ಕಸುಬನ್ನು ನೀವಾಗಿ ಕೊಡಬಾರದು. ಚೀಟಿಗಳನ್ನು ಮಗುಚಿಟ್ಟು ಎತ್ತಿಸುವುದೇ ಲೇಸು. ಬಯ್ಯುವುದು, ದೂರ ನಿಲ್ಲಿಸುವುದು, ಕಾಲಿಗೆ ಬೀಳಿಸುವುದು ಮುಂತಾದ ಅವಮಾನವನ್ನು ಅಭಿನಯಿಸಿ ತೋರಿಸಲು ಬಿಡಬಾರದು. ಹಾಗೆಂದು ಆ ಕಾಲದಲ್ಲಿ ಅದೆಲ್ಲ ಇರಲಿಲ್ಲವೆಂದು ಮುಚ್ಚಿಡಲೂ ಬಾರದು. "ಈ ಬಾವಿಗೆ ನಿನ್ನ ಪಾತ್ರ ಹೋಗುವಂತಿಲ್ಲ, ಆಗಿನ ಕಟ್ಟುಪಾಡು ಹಾಗಿತ್ತು, ಈಗ ಏನು ಮಾಡುವೆ?" ಎಂದು ಸೂತ್ರಧಾರನೇ ಸಂಗತಿಯನ್ನು ಸಂಗತಿಯಾಗಿ ಹೇಳಿ ಮುಂದುವರಿಯಬೇಕು. ಆಮೇಲೆ ಮಕ್ಕಳು ಏನು ಮಾತಾಡುತ್ತಾರೆಂದು ಕಿವಿಗೊಟ್ಟು ಕೇಳಬೇಕು.

ದಾಳದ ಬದಲು ಹುಣಸೆ ಬೀಜ

ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳನ್ನು ತರಿಸಲು ದುಡ್ಡು ಸುರಿಯಬೇಕಾಗಿಲ್ಲ. ಚೌಕಾಬಾರ ಆಡುವವರು ಮಾಡುವಂತೆ ಹುಣಸೆ ಬೀಜಗಳ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಉಜ್ಜಿ ಬಿಳಿ ಬರಿಸಿದರೆ ಆಯಿತು. ಉಜ್ಜುವ ಕೆಲಸವನ್ನು ಮಕ್ಕಳಿಗೇ ಬಿಡಿ. ಬೀಜ ಕಾದು ಬೆರಳು ಚುರುಗುಟ್ಟುತ್ತದೆ, ಕಂದು ಸಿಪ್ಪೆಯ ಹಿಟ್ಟು ಉಗುರಿನ ಸಂದಿಗೆ ಸೇರುತ್ತದೆ, ಅವಸರಪಟ್ಟವರ ಬೀಜ ಕೈಜಾರಿ ಬೆರಳ ತುದಿ ತರಚುತ್ತದೆ. ಆದರೂ ತಾವೇ ಮಾಡಿಕೊಂಡ ದಾಳವೆಂದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ.

ಒಬ್ಬೊಬ್ಬರಿಗೂ ನಾಲ್ಕು ಬೀಜ ಕೊಡಿ. ಸುಲಭದ ಕೆಲಸಕ್ಕೆ ಕಡಿಮೆಯೆಂದರೆ ಒಂದು ಬಿಳಿ, ಸಾಧಾರಣ ಕೆಲಸಕ್ಕೆ ಎರಡು, ಕಷ್ಟದ್ದಕ್ಕೆ ಮೂರು ಬಿಳಿ ಬೀಳಬೇಕು. ಬೀಜ ಎರಡು ಮಗ್ಗುಲಿಗೂ ಸಮವಾಗಿ ಬೀಳುತ್ತದೆಂದು ಇಟ್ಟುಕೊಂಡರೆ 16 ಸಲಕ್ಕೆ ಸುಲಭದ ಕೆಲಸ 15 ಸಲ, ಸಾಧಾರಣದ್ದು 11 ಸಲ, ಕಷ್ಟದ್ದು 5 ಸಲ ಕೈಗೂಡುತ್ತದೆ. ಪಾತ್ರದ ಕಸುಬಿಗೆ ಸೇರಿದ ಕೆಲಸವಾದರೆ ಐದನೆಯ ಬೀಜವನ್ನು ಸೇರಿಸಿ ಎಸೆಯಲಿ. ಆಗ ಕಷ್ಟದ ಕೆಲಸದ ಸಾಧ್ಯತೆ ಸರಿಯಾಗಿ ಅರ್ಧಕ್ಕೆ ಏರುತ್ತದೆ. ಬಿರುಕು ಬಿಟ್ಟ ತೂಬನ್ನು ರಾತ್ರಿ ಹೊತ್ತು ಸರಿಪಡಿಸುವುದು ರೈತನಿಗಿಂತ ನೀರುಗಂಟಿಗೆ ಸುಲಭವೆಂಬುದನ್ನು ಮಕ್ಕಳು ಆ ಒಂದು ಬೀಜದಿಂದಲೇ ಅರಿತುಕೊಳ್ಳುತ್ತಾರೆ. ನಿಜವಾದ ಬೀಜ ಅಷ್ಟು ಸಮವಾಗಿ ಬೀಳುವುದಿಲ್ಲ, ಅದು ಬೇರೆ ಮಾತು. ನೂರು ಸಲ ಎಸೆದು ಲೆಕ್ಕವಿಡಲು ಹೇಳಿದರೆ ಗಣಿತದ ಮೇಷ್ಟರಿಗೂ ಒಂದು ಪಾಠ ಸಿಕ್ಕಂತಾಗುತ್ತದೆ.

ಎಲ್ಲದಕ್ಕೂ ಬೀಜ ಎಸೆಯಿಸಬಾರದು. ನಡೆಯುವುದು, ಮಾತಾಡಿಸುವುದು, ಸಂತೆಯಲ್ಲಿ ಬೆಲೆ ಕೇಳುವುದು ಇವಕ್ಕೆಲ್ಲ ಎಸೆಯುವ ಅಗತ್ಯವಿಲ್ಲ. ಸೋತರೆ ಏನಾದರೂ ಕಳೆದುಹೋಗುವ ಸಂದರ್ಭವಿದ್ದಾಗ ಮಾತ್ರ ಎಸೆಯಿಸಿ.

ಧಾನ್ಯದ ಲೆಕ್ಕಕ್ಕೆ ಹುರುಳಿ ಕಾಳು ಬಳಸುತ್ತೇನೆ. ರೈತನ ಬಟ್ಟಲಿಗೆ ಇಪ್ಪತ್ತು ಕಾಳು, ಶಾನುಭೋಗನಿಗೆ ಹದಿನೆಂಟು, ನೀರುಗಂಟಿಗೆ ಹತ್ತು, ಬಂಡಿಯವನಿಗೆ ಎಂಟು, ಕೂಲಿಯ ತಾಯಿಗೆ ನಾಲ್ಕು. ತಿಂಗಳು ಕಳೆದಂತೆ ಪ್ರತಿ ಮನೆಯಿಂದಲೂ ಎರಡು ಕಾಳು ತೆಗೆಯಬೇಕು. ಕೂಲಿಯ ತಾಯಿಯ ಬಟ್ಟಲು ಎರಡೇ ತಿಂಗಳಲ್ಲಿ ಖಾಲಿಯಾಗುವುದನ್ನು ಉಳಿದ ನಾಲ್ವರೂ ಕಣ್ಣಾರೆ ನೋಡುತ್ತಾರೆ. ಸೂತ್ರಧಾರ ಏನೂ ವಿವರಿಸಬೇಕಾಗಿಲ್ಲ.

ಆಟ ನಡೆಸುವುದು

ಮೊದಲ ದೃಶ್ಯ 1876ರ ಕಾರ್ತಿಕ ಮಾಸದ್ದು. ಮುಂಗಾರೂ ಕೈಕೊಟ್ಟಿದೆ, ಹಿಂಗಾರೂ ಬಂದಿಲ್ಲ. ಕೆರೆಯಲ್ಲಿ ಕಾಲುಭಾಗ ನೀರಿದೆ. ಸೀಮೆಸುಣ್ಣದಿಂದ ನೆಲದ ಮೇಲೆ ಕೆರೆಯನ್ನು ಬರೆದು ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳನ್ನು ಮಕ್ಕಳಿಂದಲೇ ಗುರುತು ಮಾಡಿಸಿ. ನಂತರ ಒಂದೇ ಪ್ರಶ್ನೆ ಕೇಳಿ: ಒಣಗುತ್ತಿರುವ ಭತ್ತಕ್ಕೆ ತೂಬು ಎತ್ತುವುದೋ, ಬೇಸಗೆಯಲ್ಲಿ ದನ ಕರುಗಳು ಕುಡಿಯಲೆಂದು ಉಳಿಸುವುದೋ? ಒಮ್ಮೆ ಈ ದೃಶ್ಯದಲ್ಲಿ ರೈತನ ಪಾತ್ರದ ಹುಡುಗ, "ತೂಬು ಎತ್ತಬೇಡ, ನೀರು ಇರ್ಲಿ" ಎಂದು ದೊಡ್ಡ ಮನಸ್ಸಿನಿಂದ ಹೇಳಿದ. ನೀರುಗಂಟಿಯ ಚೀಟಿ ಹಿಡಿದಿದ್ದ ಹುಡುಗಿ ಸುಮ್ಮನೆ ಸ್ವಲ್ಪ ಹೊತ್ತು ತನ್ನ ಬಟ್ಟಲು ನೋಡಿದಳು. "ಎತ್ತದಿದ್ರೆ ಬೆಳೆ ಇಲ್ಲ, ಬೆಳೆ ಇಲ್ದಿದ್ರೆ ನನ್ನ ಆಯ ಯಾರು ಕೊಡ್ತಾರೆ ಸಾರ್?" ಎಂದಳು. ಆಯದ ಪದ್ಧತಿಯನ್ನು ನಾನು ಅದಕ್ಕೂ ಮೊದಲು ಎರಡು ಸಲ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೆ. ಆಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎರಡನೆಯ ದೃಶ್ಯ ಹಗೇವಿನದು. ನೆಲದಡಿಯ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆದರೆ ಬಾಯಿ ತೆರೆದೊಡನೆ ಒಳಗೆ ಇಳಿದವನು ಕೆಟ್ಟ ಗಾಳಿಗೆ ಸಿಕ್ಕಿ ಸಾಯಬಹುದು. ದೀಪ ಇಳಿಬಿಟ್ಟು ನೋಡಿ, ಗಾಳಿಯಾಡಲು ಬಿಟ್ಟು ಇಳಿಯಬೇಕು. ಈ ಸಂಗತಿಯನ್ನು ಅಜ್ಜಿ ತಾತಂದಿರನ್ನು ಕೇಳಿ ತಿಳಿದು ಬಂದ ಮಗುವಿಗೆ ಒಂದು ಬೀಜ ಹೆಚ್ಚಿಗೆ ಕೊಡುತ್ತೇನೆ. ಹಗೇವು ತೆರೆದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಯಾರಿಗೆ ಕೊಡುವುದು, ಎಷ್ಟಕ್ಕೆ ಮಾರುವುದು, ಬಿತ್ತನೆಗೆ ಎಷ್ಟು ಉಳಿಸುವುದು ಎಂಬ ಮಾತುಕತೆ ಇಲ್ಲಿಂದ ಆರಂಭವಾಗುತ್ತದೆ. ಇದಕ್ಕೆ ಅವಸರ ಮಾಡಬೇಡಿ.

ಮೂರನೆಯದರಲ್ಲಿ ಎತ್ತು ಮಾರುವ ಪ್ರಶ್ನೆ. ನಾಲ್ಕನೆಯದರಲ್ಲಿ ಊರು ಬಿಡುವ ಪ್ರಶ್ನೆ. ಸರ್ಕಾರದ ಗಂಜಿ ಕೇಂದ್ರಕ್ಕೋ ರಸ್ತೆಯ ಕೂಲಿಗೋ ಬೆಂಗಳೂರಿನ ದಾರಿಗೋ. ಐದನೆಯದು 1877ರ ಕೊನೆಯ ಮಳೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಗ ಸೂತ್ರಧಾರ ನಿಧಾನವಾಗಿ ಕೇಳಬೇಕು: ಉಳಲು ಎತ್ತು ಯಾರ ಮನೆಯಲ್ಲಿದೆ? ಬಿತ್ತಲು ಕಾಳು ಯಾರ ಬಟ್ಟಲಲ್ಲಿದೆ?

ನಡುವೆ ಯಾವುದಾದರೊಂದು ಮಗು "ಬೋರ್‌ವೆಲ್ ಕೊರೆಸೋಣ" ಎಂದೇ ಹೇಳುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಕಥೆಗಳನ್ನು ಕೇಳಿ ಬೆಳೆದ ಕೋಲಾರದ ಮಗುವಿಗೆ ಅದು ಸಹಜ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿದ ಕೆರೆಗಳನ್ನು ಕಂಡ ಮಗು "ಪೈಪಲ್ಲಿ ನೀರು ತರಿಸೋಣ" ಎನ್ನುವುದೂ ಉಂಟು. ನಗಬೇಡಿ, ಬಯ್ಯಲೂ ಬೇಡಿ. "ನಿನ್ನ ಪಾತ್ರಕ್ಕೆ ಅದು ಗೊತ್ತೇ?" ಎಂದಷ್ಟೇ ಕೇಳಿ. ನಾಲ್ಕೈದು ವಾರ ಕಳೆದರೆ ಮಕ್ಕಳೇ ಒಬ್ಬರನ್ನೊಬ್ಬರು ಹಾಗೆ ಕೇಳತೊಡಗುತ್ತಾರೆ. ಪಾತ್ರದ ಕಾಲಕ್ಕೆ ಗೊತ್ತಿದ್ದಷ್ಟರಲ್ಲಿಯೇ ತೀರ್ಮಾನ ಮಾಡಬೇಕೆಂಬ ಈ ನಿಯಮ ಸಡಿಲವಾದರೆ ಉಳಿಯುವುದು ಬರೀ ಮೋಜಿನ ಆಟ.

ಭಾಷೆಯ ವಿಚಾರದಲ್ಲಿ ಕಟ್ಟುನಿಟ್ಟು ಬೇಡ. ನಮ್ಮ ಕಡೆ ಅರ್ಧದಷ್ಟು ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಸಂತೆಯ ಚೌಕಾಸಿ ತೆಲುಗಿಗೆ ತಿರುಗಿದಾಗ ಆಟಕ್ಕೆ ಜೀವ ಬರುತ್ತದೆ. ಗಡಿಸೀಮೆಯ ಸಂತೆ ಆಗಲೂ ಹಾಗೆಯೇ ಇದ್ದಿರಬೇಕು.

ನಲವತ್ತು ಮಕ್ಕಳ ತರಗತಿಯಾದರೆ ಒಂದೊಂದು ಪಾತ್ರವನ್ನು ಎಂಟೆಂಟು ಮಕ್ಕಳ ಗುಂಪಿಗೆ ಒಪ್ಪಿಸಿ, ಗುಂಪು ಚರ್ಚಿಸಿ ಒಬ್ಬರಿಂದ ಹೇಳಿಸಲಿ. ಐದು ದೃಶ್ಯಗಳಿಗೆ ಒಂದೂವರೆ ಗಂಟೆ ಬೇಕು, ಅಂದರೆ ಎರಡು ಪೀರಿಯಡ್‌ಗಿಂತ ತುಸು ಹೆಚ್ಚು.

ಆಟ ಮುಗಿದ ಮೇಲೆ

ಆಟದ ನಂತರದ ಮಾತುಕತೆಯನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಒಂದು ದೊಡ್ಡ ಹಾಳೆಯಲ್ಲಿ ಮೂರು ಮನೆ ಎಳೆಯಿರಿ: ಆಟದಲ್ಲಿ ಆದದ್ದು, ಆಗ ನಿಜವಾಗಿ ಆದದ್ದು, ಇನ್ನೂ ಹುಡುಕಬೇಕಾದದ್ದು. ಆಟದಲ್ಲಿ ಊರಿನವರೆಲ್ಲ ಹಂಚಿಕೊಂಡು ಉಳಿದುಕೊಂಡಿರಬಹುದು. ಹಾಗಾಗಬಾರದೆಂದು ಸೂತ್ರಧಾರ ನಡುವೆ ಕೈಹಾಕಬಾರದು. ಮೊದಲ ಮನೆ ತುಂಬಿದ ನಂತರವೇ ಎರಡನೆಯ ಮನೆಯಲ್ಲಿ ಆ ಎರಡು ಜನಗಣತಿಗಳ ಸಂಖ್ಯೆಗಳನ್ನು ಬರೆದು, ಒಂದರಿಂದ ಇನ್ನೊಂದನ್ನು ಕಳೆಯಲು ಮಕ್ಕಳಿಗೇ ಹೇಳಿ. ಆಟದಲ್ಲಿ ಸಾಧ್ಯವಾದ ಹಂಚಿಕೆ ಅಲ್ಲಿ ಯಾಕೆ ಸಾಕಾಗಲಿಲ್ಲ, ರೈಲು ಇದ್ದೂ ಧಾನ್ಯ ಯಾಕೆ ತಲುಪಲಿಲ್ಲ ಎಂಬ ಪ್ರಶ್ನೆಗಳು ಆಗ ಅವರ ಬಾಯಿಂದಲೇ ಬರುತ್ತವೆ. ಮೂರನೆಯ ಮನೆ ಮುಂದಿನ ವಾರದ ಮನೆಗೆಲಸ. ಕೆರೆಯ ಏರಿಯ ಮೇಲೆ ನಡೆದು ಹಳೆಯ ತೂಬಿನ ಕಲ್ಲುಗಂಬಗಳನ್ನು ನೋಡಿ ಬರುವುದು, ವೀರಗಲ್ಲೋ ಶಾಸನವೋ ಇದ್ದರೆ ಅದರ ಚಿತ್ರ ಬರೆದು ತರುವುದು, ಇಂಥವನ್ನೇ ಕೊಡಿ. ಕಲ್ಲಿಗೆ ಸುಣ್ಣ, ಅರಿಶಿನ, ಸೀಮೆಸುಣ್ಣ ಬಳಿಯಬಾರದೆಂದು ಮೊದಲೇ ಹೇಳಿರಬೇಕು.

ಆಡಿಸುವಾಗ ಮನಸ್ಸು ಭಾರವಾದ ಮಗುವಿದ್ದರೆ ಅದನ್ನು ಗಮನಿಸಿ. ಪಾತ್ರದ ಸಾವನ್ನು ಬೀಜ ಎಸೆದು ತೀರ್ಮಾನಿಸಬೇಡಿ. ಬಟ್ಟಲು ಖಾಲಿಯಾದ ಪಾತ್ರ ಊರು ಬಿಟ್ಟು ಹೊರಟಿತೆಂದು ಹೇಳಿ, ಆ ಮಗುವಿಗೆ ದಾರಿಯಲ್ಲಿ ಕಂಡದ್ದನ್ನು ಹೇಳುವ ಕೆಲಸ ಕೊಡಿ.

ಇದೇ ಕಾರಣಕ್ಕೆ ಗೌರಿಬಿದನೂರು ಬಳಿಯ ವಿದುರಾಶ್ವತ್ಥದ ಆಟವನ್ನು ನಾನು ಬೇರೆ ರೀತಿ ಕಟ್ಟಿದ್ದೇನೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗುಂಡು ಹಾರುವ ಗಳಿಗೆಯನ್ನು ಆಡಿಸಬಾರದು, ಪೊಲೀಸನ ಪಾತ್ರವನ್ನು ಮಗುವಿಗೆ ಕೊಡಲೂ ಬಾರದು. ಸುತ್ತಲಿನ ಹಳ್ಳಿಯ ಐದು ಮನೆಗಳ ಹಿಂದಿನ ರಾತ್ರಿಯನ್ನು ಆಡಿಸಿ: ನಿಷೇಧಾಜ್ಞೆ ಇದೆ, ಬಾವುಟ ಹಾರಿಸುವವರು ಬನ್ನಿ ಎಂದಿದ್ದಾರೆ, ಹೋಗುವುದೋ ಬಿಡುವುದೋ? ಬೆಳಗಾಗುವಲ್ಲಿಗೆ ಆಟ ನಿಲ್ಲಲಿ. ಆದದ್ದನ್ನು ಸೂತ್ರಧಾರ ಸರಳ ಮಾತಿನಲ್ಲಿ ಓದಿ ಹೇಳಲಿ. ಸತ್ತವರು ಸರ್ಕಾರದ ಲೆಕ್ಕದಲ್ಲಿ ಹತ್ತು ಮಂದಿ, ಜನರ ನೆನಪಿನಲ್ಲಿ ಉಳಿದ ಲೆಕ್ಕ ಮೂವತ್ತನ್ನು ಮೀರುತ್ತದೆ. ಎರಡನ್ನೂ ಹಾಳೆಯ ಮೇಲೆ ಬರೆದು, ಎರಡು ಲೆಕ್ಕ ಹೇಗೆ ಹುಟ್ಟಿಕೊಳ್ಳುತ್ತದೆಂದು ಕೇಳಿ. ನಂತರ ವಲ್ಲಭಭಾಯಿ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಆದ ಒಪ್ಪಂದವನ್ನೂ, ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನು ಹಾರಿಸಲು ಒಪ್ಪಿಗೆ ಸಿಕ್ಕಿದ್ದನ್ನೂ ಹೇಳಬಹುದು. ಸಾಧ್ಯವಾದರೆ ಮುಂದಿನ ಭಾನುವಾರ ಮಕ್ಕಳನ್ನು ಗೌರಿಬಿದನೂರಿನ ಬಸ್ ಹತ್ತಿಸಿ ಕರೆದುಕೊಂಡು ಹೋಗಿ. ಚೀಟಿಗಳು ಅವರ ಕೈಯಲ್ಲೇ ಇರಲಿ, ಸ್ಮಾರಕದೆದುರು ನಿಂತಾಗ ಅವರು ಅದನ್ನು ಮತ್ತೊಮ್ಮೆ ಓದಿಕೊಳ್ಳುತ್ತಾರೆ.

ಹುರುಳಿ ಕಾಳನ್ನು ವಾರವಾರವೂ ಬದಲಿಸಿ, ಹುಳು ಬೀಳುತ್ತದೆ. ಹುಣಸೆ ಬೀಜಗಳು ಡಬ್ಬಿಯಲ್ಲಿ ವರ್ಷವಿಡೀ ಇರುತ್ತವೆ.